ಮೂಗಿನ ಹತ್ತಿರ ಕಟ್ಟಾದ ಫೋಟೋ

ಇವತ್ತು ವೈಫೈ ಎರಡು ನಿಮಿಷ ನಿಂತುಹೋಯಿತು, ಅಷ್ಟಕ್ಕೇ ನನಗೆ ಸಿಟ್ಟು ಬಂತು. ಆಮೇಲೆ ನಗು ಬಂತು. ಫೋನ್ ಲೈನಿನಲ್ಲೇ ಇಂಟರ್ನೆಟ್ ಬರುತ್ತಿದ್ದ ಡಯಲ್-ಅಪ್ ಕಾಲದಲ್ಲಿ ಇದೇ ನಾನು, ಒಂದು ಫೋಟೋ ಗೆರೆ ಗೆರೆಯಾಗಿ ಮೇಲಿನಿಂದ ಇಳಿಯುವುದನ್ನು ನೋಡುತ್ತಾ ಕೆನ್ನೆಗೆ ಕೈ ಕೊಟ್ಟು ಕೂತಿರುತ್ತಿದ್ದೆ. ಮೊದಲು ಆಕಾಶ, ಆಮೇಲೆ ತಲೆಕೂದಲು, ಹಣೆ, ಇನ್ನೇನು ಮೂಗು ಬರಬೇಕು ಅನ್ನುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ಮುಗೀತು, ಲೈನ್ ಕಟ್.

ಮತ್ತೆ ಮೊದಲಿಂದ ಡಯಲ್. ಆ ಕೀಚಲು ಸದ್ದು ನೆನಪಿದೆಯಾ? ಯಾವ ವೇಗದಲ್ಲಿ ಮಾತಾಡೋಣ ಅಂತ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ, ಎರಡು ಕಡೆಯ ಮೋಡೆಮ್‌ಗಳು ಕೇಳಿಕೊಳ್ಳುವ ಸದ್ದು ಅದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಗ ಏನೋ ಕೆಟ್ಟಿದೆ ಅಂದುಕೊಂಡಿದ್ದೆ. ಮೋಡೆಮ್ ಮೇಲೆ 56 ಕೆಬಿಪಿಎಸ್ ಅಂತ ಬರೆದಿತ್ತು, ಅಷ್ಟು ವೇಗ ಒಂದು ದಿನವೂ ಸಿಗಲಿಲ್ಲ. 4 ಎಂಬಿಯ ಒಂದು ಹಾಡು ಇಳಿಸಲು ಕಾಲು ಗಂಟೆ, ಅದೂ ಅದೃಷ್ಟ ಚೆನ್ನಾಗಿದ್ದರೆ.

ಹಾಟ್‌ಮೇಲ್‌ನಲ್ಲಿ ಇಮೇಲ್ ಇಡಲು ಇದ್ದ ಜಾಗ 2 ಎಂಬಿ. ಯಾವ ಪತ್ರ ಇಟ್ಟುಕೊಳ್ಳೋದು, ಯಾವುದನ್ನು ಅಳಿಸೋದು ಅಂತ ಕೂತು ಯೋಚನೆ ಮಾಡಬೇಕಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತದಂತೆ ಎಂದಾಗ ತುಂಬಾ ಜನ ಏಪ್ರಿಲ್ ಫೂಲ್ ಅಂದುಕೊಂಡರು. ನಾನೂ.

ಆ ನಿಧಾನವೇ ಚೆನ್ನಾಗಿತ್ತು ಅಂತ ಹೇಳಲ್ಲ, ಕಾಟವೇ ಅದು. ಆದರೆ ಕನೆಕ್ಟ್ ಆಗಿ ಇನ್‌ಬಾಕ್ಸ್ ಪಕ್ಕ 1 ಅಂತ ಕಂಡರೆ, ಆ ಒಂದು ಪತ್ರವನ್ನು ಮೂರು ಸಲ ಓದುತ್ತಿದ್ದೆ. ಈಗ ಓದದೆ ಬಿದ್ದಿರುವುದೇ 4,000 ದಾಟಿದೆ. ಮುಕ್ಕಾಲು ಭಾಗ ಆಫರ್‌ಗಳೇ ಇರಬೇಕು, ಅಲ್ವಾ?