ಗ್ಯಾಸ್ ಅಲ್ಲ, ಗಡ್ಡೆ

ಇಂದು ಕೋಲಾರದಲ್ಲಿ ಚಿಕ್ಕಮ್ಮನಿಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ಬಗ್ಗಿದರೆ ತಲೆ ಸುತ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬೀದಿಯವರೆಲ್ಲ ಗ್ಯಾಸ್ ಎಂದು ಆಗಲೇ ತೀರ್ಪು ಕೊಟ್ಟಾಗಿತ್ತು.

ಪರದೆಯಲ್ಲಿ ನಾನೂ ನೋಡಿದೆ. ಹೃದಯದ ಎಡ ಮೇಲ್ಕೋಣೆಯಲ್ಲಿ ಒಂದು ಗಡ್ಡೆ, ತೊಟ್ಟಿಗೆ ಜೋತುಬಿದ್ದ ಹುಣಸೆಕಾಯಿಯಂತೆ. ಕವಾಟ ತೆರೆದಾಗ ಕೆಳಗಿನ ಕೋಣೆಗೆ ಇಣುಕುತ್ತದೆ, ಮುಚ್ಚುವಾಗ ಹಿಂದೆ ಸರಿಯುತ್ತದೆ. ಮತ್ತೆ ಇಣುಕುತ್ತದೆ. ಏನು ಶಿಸ್ತು ಅದರದ್ದು!

ಮಿಕ್ಸೋಮ ಇರಬೇಕು ಎಂದರು ಡಾಕ್ಟರು. ಬಹಳ ಅಪರೂಪವಂತೆ. ಕ್ಯಾನ್ಸರ್ ಅಲ್ಲ, ಆದರೆ ಸಾಧು ಎಂದು ನಂಬುವಂತೆಯೂ ಇಲ್ಲ. ಚೂರು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಮಾತ್ರೆಗೆ ಕರಗುವುದಿಲ್ಲ. ಎದೆ ತೆರೆದು, ಅಂಟಿಕೊಂಡ ಬುಡದ ಸಮೇತ ತೆಗೆಯಬೇಕು. ಖಚಿತವಾಗುವುದು ಆಮೇಲೆ, ಸೂಕ್ಷ್ಮದರ್ಶಕದಲ್ಲಿ.

ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಇಂಥದ್ದನ್ನು ಮೊದಲು ಯಶಸ್ವಿಯಾಗಿ ತೆಗೆದವರು ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್, 1954ರಲ್ಲಿ. ಚಿಕ್ಕಮ್ಮ ಹುಟ್ಟುವುದಕ್ಕೂ ಮುಂಚೆ! ಇದನ್ನು ಹೇಳಿ ಧೈರ್ಯ ತುಂಬೋಣವೆಂದು ಹೋದೆ.

ಅವರ ಚಿಂತೆಯೇ ಬೇರೆ. “ಟೊಮೆಟೊ ಬಿಡಿಸುವ ಹೊತ್ತಿಗೇ ಬೆಂಗಳೂರಿಗೆ ಹೋಗಿ ಮಲಗಬೇಕೇನೋ?”

ಸೋಮವಾರ ಹೊರಡುತ್ತಿದ್ದೇವೆ. ಟೊಮೆಟೊ ಚಿಕ್ಕಪ್ಪ ನೋಡಿಕೊಳ್ಳುತ್ತಾರೆ.