ರಾತ್ರಿ ಪಾಳಿಯ ಸೈಕಲ್ಲುಗಳಿಗೆ ರೇಡಿಯಂ: ಕೆಲಸ ಎಲ್ಲಿಗೆ ಬಂತು

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ ಕಡೆಯ ಕಾರ್ಖಾನೆಗಳಿಗೆ ಈಗಲೂ ಸೈಕಲ್ ತುಳಿದುಕೊಂಡು ರಾತ್ರಿ ಪಾಳಿಗೆ ಬರುವವರಿದ್ದಾರೆ. ಸೆಕ್ಯೂರಿಟಿ ಗಾರ್ಡುಗಳು, ಕ್ಯಾಂಟೀನಿನವರೇ ಜಾಸ್ತಿ. ರಿಂಗ್ ರೋಡಿನ ಕತ್ತಲಲ್ಲಿ ಹಿಂದಿನಿಂದ ಬರುವ ಲಾರಿಗೆ ಇವರು ಕಾಣಬೇಕು, ಅಷ್ಟೇ ನಮ್ಮ ಗುರಿ. ಅದಕ್ಕೇ ಸ್ನೇಹಿತರೆಲ್ಲ ಸೇರಿ ಇವರ ಸೈಕಲ್ಲುಗಳಿಗೆ ರೇಡಿಯಂ, ಅಂದರೆ ಬೆಳಕು ಬಿದ್ದರೆ ಹೊಳೆಯುವ ಟೇಪು, ಅಂಟಿಸುತ್ತಿದ್ದೇವೆ.

ಹೆಲ್ಮೆಟ್ ಕೊಡಿಸೋಣ ಅಂತ ಸ್ನೇಹಿತರು ಹೇಳುತ್ತಲೇ ಇದ್ದರು. ಗೇಟಿನಲ್ಲಿ ಒಬ್ಬ ಗಾರ್ಡ್ ನಕ್ಕುಬಿಟ್ಟರು: "ಸಾರ್, ಚಳಿಗೆ ಮಂಕಿ ಕ್ಯಾಪ್ ಹಾಕ್ತೀನಿ. ಅದರ ಮೇಲೆ ಇದು ಕೂರಲ್ಲ. ತೆಗೆದಿಟ್ಟರೆ ಬೆಳಗ್ಗೆ ಇರಲ್ಲ." ಮಾತು ಸರಿಯಾಗೇ ಇದೆ. ವಾರಾಂತ್ಯದಲ್ಲಿ ಸೈಕಲ್ ಓಡಿಸುವವರು ಕೊಟ್ಟ ಹಳೆ ಹೆಲ್ಮೆಟ್‌ಗಳನ್ನು ಕೇಳಿದವರಿಗೆ ಮಾತ್ರ ಕೊಡುತ್ತಿದ್ದೇವೆ. ಒಮ್ಮೆ ಬಿದ್ದು ಪೆಟ್ಟು ತಿಂದದ್ದನ್ನು ಯಾರಿಗೂ ಕೊಡುವುದಿಲ್ಲ. ಒಳಗಿನ ಥರ್ಮೋಕೋಲ್ ಒಮ್ಮೆ ಅಮುಕಿದರೆ ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ.

ಹಾಗಾಗಿ ಸೈಕಲ್ಲಿಗೇ ಅಂಟಿಕೊಂಡಿರುವ, ಕದಿಯಲಾಗದ, ಸೆಲ್ ಬೇಡದ ಸಾಮಾನಿನ ಮೇಲೆ ಜಾಸ್ತಿ ಗಮನ.

ಲಾರಿ ಬಾಡಿ ಕಟ್ಟುವ ಗ್ಯಾರೇಜುಗಳಲ್ಲಿ ಎರಡು ಇಂಚು ಅಗಲದ ಕೆಂಪು, ಬಿಳಿ, ಹಳದಿ ಟೇಪಿನ ತುಂಡುಗಳು ಉಳಿಯುತ್ತವೆ. ಕೇಳಿದರೆ ಸುಮ್ನೆ ಕೊಡುತ್ತಾರೆ. ಹತ್ತಿರದಿಂದ ನೋಡಿದರೆ ಕೆಲವದರಲ್ಲಿ ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳಿವೆ. ಇದನ್ನು ಉದ್ದಕ್ಕೆ ಸೀಳಿದರೆ ಅಂಚಿನ ಕೋಣೆಗಳು ತೆರೆದುಕೊಂಡು ಮಳೆನೀರು ಒಳಗೆ ಇಳಿಯುತ್ತದೆ, ಆ ಜಾಗ ಮಂಕಾಗುತ್ತದೆ. ಅದಕ್ಕೇ ಕತ್ತರಿಸಿದ ಅಂಚಿಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿಯುತ್ತೇವೆ. ಈ ಟೇಪು ಬಿರುಸು. ಮಡ್‌ಗಾರ್ಡಿನ ಮೇಲೆ ಚೆನ್ನಾಗಿ ಕೂರುತ್ತದೆ, ಸಣ್ಣ ಪೈಪಿಗೆ ಸುತ್ತಿದರೆ ಏಳುತ್ತದೆ. ಪೈಪಿಗೆ ಗಾಜಿನ ಹುಡಿಯ ಮೆತ್ತನೆ ಟೇಪೇ ವಾಸಿ. ಅಂಟಿಸುವ ಮುಂಚೆ ತುಕ್ಕಿಗೆ ಉಪ್ಪುಕಾಗದ, ಆಮೇಲೆ ಸ್ಪಿರಿಟ್. ಸೀಮೆಎಣ್ಣೆಯಲ್ಲಿ ಒರೆಸಿದರೆ ಜಿಡ್ಡು ಉಳಿಯುತ್ತದೆ.

ಸ್ಟಿಕ್ಕರ್ ಅಂಗಡಿಯ ರೇಡಿಯಂ ಎಲ್ಲವೂ ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ, ಕೆಲವು ಬರೀ ಬಣ್ಣ. ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ದೂರದಿಂದ ನೋಡಬೇಕು. ಬೆಳಕು ಬಂದ ಕಡೆಗೇ ವಾಪಸ್ ಹೋಗುವುದರಿಂದ ಸೊಂಟದ ಹತ್ತಿರ ಹಿಡಿದರೆ ಒಳ್ಳೆಯ ಟೇಪೂ ಸಪ್ಪೆಯಾಗಿ ಕಾಣುತ್ತದೆ.

ಇನ್ನೊಂದು ವಿಷಯ. ಕ್ಯಾರಿಯರ್‌ಗೆ ಊಟದ ಬ್ಯಾಗ್ ನೇತುಹಾಕಿದರೆ ಹಿಂದಿನ ರಿಫ್ಲೆಕ್ಟರ್ ಮುಚ್ಚಿಹೋಗುತ್ತದೆ. ಹೊಸ ಸೈಕಲ್ಲಿನ ರಿಫ್ಲೆಕ್ಟರ್‌ಗಳ ಗುಣಮಟ್ಟಕ್ಕೆ ಕೇಂದ್ರ ಸರ್ಕಾರ 2020ರಲ್ಲೇ ಆದೇಶ ಹೊರಡಿಸಿದೆ. ಆದರೆ ಇಲ್ಲಿ ಬರುವುದೆಲ್ಲ ಹಳೇ ಗಾಡಿಗಳು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸಿಕ್ಕ ಸರ್ಕಾರಿ ಸೈಕಲ್ಲುಗಳೂ ಇವೆ; ಮಗಳ ಶಾಲೆ ಮುಗಿದ ಮೇಲೆ ಅಪ್ಪ ತುಳಿಯುತ್ತಿದ್ದಾರೆ. ಹೀಗಾಗಿ ಬ್ಯಾಗಿನ ಕೆಳಗೆ ಕಾಣುವಂತೆ ಮಡ್‌ಗಾರ್ಡಿನ ತುದಿಗೆ ಕೆಂಪು ಟೇಪು, ಪೆಡಲ್ಲಿನ ಅಂಚಿಗೆ ಹಳದಿ. ಪೆಡಲ್ ಮೇಲೆ ಕೆಳಗೆ ಆಡುವಾಗ ಅಲ್ಲೊಬ್ಬ ಮನುಷ್ಯ ಇದ್ದಾನೆ ಅಂತ ಡ್ರೈವರ್‌ಗೆ ಥಟ್ಟನೆ ಗೊತ್ತಾಗುತ್ತದೆ.

ಚಕ್ರ ತಿರುಗಿದಾಗ ಕರೆಂಟು ಕೊಡುವ ಡೈನಮೋದಿಂದ ಹಿಂದೆ ಒಂದು ಕೆಂಪು ದೀಪ ಉರಿಸುವ ಪ್ರಯೋಗ ಇನ್ನೂ ನನ್ನ ಮೇಜಿನ ಮೇಲೇ ಇದೆ. ಆರು ವೋಲ್ಟಿನ ಹಳೆ ಬಾಟಲ್ ಡೈನಮೋ, ನಾಲ್ಕು ಡಯೋಡ್, ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಒಂದು ಫ್ಯಾರಡ್‌ನ ಸೂಪರ್ ಕೆಪಾಸಿಟರ್, ಕೆಂಪು ಎಲ್‌ಇಡಿ. ಸಿಗ್ನಲ್ಲಿನಲ್ಲಿ ನಿಂತರೂ ಕೆಲವು ನಿಮಿಷ ಉರಿಯುತ್ತದೆ. ಇದೇ ಡೈನಮೋದಿಂದ ಉರಿಯುವ ಸೈಕಲ್ಲಿನ ಮುಂಭಾಗದ ಬಲ್ಬ್ ಸುಟ್ಟುಹೋದರೆ ವೋಲ್ಟೇಜ್ ಏರಿ ಇದನ್ನೂ ಸುಡುತ್ತದೆ, ಅದಕ್ಕೆ ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಐದು ವ್ಯಾಟಿನ ಝೀನರ್ ಡಯೋಡ್ ಬೇಕೇ ಬೇಕು. ಮಳೆಗೆ ತಡೆಯುವ ಡಬ್ಬಿ ಸಿಗುವವರೆಗೆ ಯಾರ ಸೈಕಲ್ಲಿಗೂ ಹಾಕುವುದಿಲ್ಲ.

ಪಂಕ್ಚರ್ ಅಂಗಡಿಯಣ್ಣ ಮಾತ್ರ ಇದಕ್ಕೆಲ್ಲ ತಲೆ ಅಲ್ಲಾಡಿಸುತ್ತಾರೆ. "ಮಿಂಚಿಸೋದು ಆಮೇಲೆ, ಮೊದಲು ನಿಲ್ಲಬೇಕಲ್ವಾ?" ಈಗ ಟೇಪಿಗೆ ಮುಂಚೆ ಬ್ರೇಕ್ ರಬ್ಬರ್ ನೋಡುವುದು ರೂಢಿಯಾಗಿದೆ. ರಬ್ಬರಿನ ದುಡ್ಡು ಸೈಕಲ್ಲಿನವರದು, ಅಣ್ಣನ ಕೂಲಿ ನಮ್ಮದು. ಈ ಲೆಕ್ಕಕ್ಕೆ ಯಾರೂ ತಕರಾರು ಮಾಡಿಲ್ಲ.

ಮುಂದೆ ಇಲವಾಲ ಕಡೆಯಿಂದ ಹಾಲು ತರುವವರ ಸೈಕಲ್ಲುಗಳು. ಎರಡೂ ಪಕ್ಕ ಕ್ಯಾನು ನೇತಾಡುವುದರಿಂದ ಮಡ್‌ಗಾರ್ಡೇ ಕಾಣುವುದಿಲ್ಲ. ಕ್ಯಾನಿಗೇ ಟೇಪು ಸುತ್ತೋಣ ಅಂದುಕೊಂಡಿದ್ದೇವೆ, ಆದರೆ ಅದನ್ನು ದಿನಾ ಬಿಸಿನೀರು ಹಾಕಿ ಉಜ್ಜುತ್ತಾರೆ. ಅಂಟು ಎಷ್ಟು ದಿನ ತಡೆಯುತ್ತೆ ನೋಡಬೇಕು.