ಎರಿಕ್ಸನ್ನರ ಕಂಬ ತೊಲೆಗಳ ನಡುವೆ ಒಂದು ದಿನ

ಸಿವಿಲ್ ಎಂಜಿನಿಯರಾಗಿ ಕಾಂಕ್ರೀಟಿನೊಡನೆಯೇ ದುಡಿಯುತ್ತ ಬಂದ ನಾನು ಕೆನಡಾದ ವ್ಯಾಂಕೂವರಿಗೆ ಹೋದಾಗ ಮೊದಲು ನೋಡಬಯಸಿದ್ದು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಸ್ತುಸಂಗ್ರಹಾಲಯವನ್ನು. 1976ರಲ್ಲಿ ತೆರೆದ ಈ ಕಟ್ಟಡವನ್ನು ರೂಪಿಸಿದ ವಾಸ್ತುಶಿಲ್ಪಿ ಆರ್ಥರ್ ಎರಿಕ್ಸನ್ (1924–2009) ಅದೇ ಊರಿನಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾ ಸೇನೆಯ ಗುಪ್ತಚರ ವಿಭಾಗದಲ್ಲಿದ್ದುಕೊಂಡು ಭಾರತದಲ್ಲಿಯೂ ಇದ್ದು ಹೋದವರು.

ಅಂದು ಮಳೆ ಹಿಡಿದಿತ್ತು. ಬಾಗಿಲು ದಾಟಿದ ಮೇಲೆ ಹಾದಿ ಇಕ್ಕೆಲದ ಕೆತ್ತನೆಗಳ ನಡುವೆ ಮೆಲ್ಲನೆ ಇಳಿಯುತ್ತ ಹೋಗಿ, ಮಹಾಸಭಾಂಗಣದಲ್ಲಿ ಒಮ್ಮೆಗೇ ತೆರೆದುಕೊಂಡಿತು. ಆ ಕರಾವಳಿಯ ಮೂಲನಿವಾಸಿಗಳು ಸೀಡರ್ ಮರದ ದಪ್ಪ ಕಂಬ, ತೊಲೆಗಳಿಂದ ದೊಡ್ಡ ಮನೆಗಳನ್ನು ಕಟ್ಟುತ್ತಿದ್ದರು. ಅದೇ ಕ್ರಮವನ್ನು ಎರಿಕ್ಸನ್ ಕಾಂಕ್ರೀಟಿನಲ್ಲಿ ಎತ್ತಿ ನಿಲ್ಲಿಸಿ, ಚೌಕಟ್ಟುಗಳ ನಡುವೆ ಗಾಜು ಕೂರಿಸಿದ್ದಾರೆ. ಸಮುದ್ರದ ಕಡೆಗೆ ಸಾಗಿದಂತೆ ಚೌಕಟ್ಟುಗಳು ಎತ್ತರವಾಗುತ್ತ ಹೋಗಿ, ಕೊನೆಯ ಗಾಜಿನ ಗೋಡೆ ಸುಮಾರು 15 ಮೀಟರ್ ಮುಟ್ಟುತ್ತದೆ. ಮೋಡ ಕವಿದ ಹಗಲಿನಲ್ಲೂ ಮೂಲನಿವಾಸಿಗಳು ಮರದಲ್ಲಿ ಕೆತ್ತಿದ ಟೋಟೆಮ್ ಕಂಬಗಳ ಉಳಿಯ ಗೆರೆಗಳು ದೀಪದ ನೆರವಿಲ್ಲದೆ ಕಾಣುತ್ತಿದ್ದವು. ಇಷ್ಟು ಭಾರವಾದ ವಸ್ತುವಿನಿಂದ ಬೆಳಕಿಗೆ ಇಷ್ಟು ಎಡೆ ಮಾಡಿಕೊಟ್ಟ ಕಟ್ಟಡವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ಆ ಕಂಬಗಳು ಕಡಲ ದಂಡೆಯ ಹಳ್ಳಿಗಳಿಂದ ಇಲ್ಲಿಗೆ ಬಂದವು ಎಂಬುದನ್ನೂ, ಈ ನೆಲ ಮೂಲನಿವಾಸಿಗಳಾದ ಮಸ್ಕ್ವಿಯಮ್ ಜನರದು ಎಂಬುದನ್ನೂ ಮರೆತು ಅಲ್ಲಿ ನಿಲ್ಲಲಾಗದು.

ಮಧ್ಯಾಹ್ನ ಬರ್ನಬಿ ಬೆಟ್ಟದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯಕ್ಕೆ ಹೋದೆ. ವಾಸ್ತುಶಿಲ್ಪಿ ಜೆಫ್ರಿ ಮ್ಯಾಸಿಯವರೊಡನೆ ಸೇರಿ ಎರಿಕ್ಸನ್ ರೂಪಿಸಿ ಸ್ಪರ್ಧೆಯಲ್ಲಿ ಗೆದ್ದ ವಿನ್ಯಾಸದಂತೆ ಅದು 1965ರಲ್ಲಿ ಆರಂಭವಾಯಿತು. ನಡುವಿನ ಅಂಗಳಕ್ಕೆ ಗಾಜಿನ ಚಾವಣಿ ಹೊದಿಸಿರುವುದರಿಂದ, ಹೊರಗೆ ಮಳೆ ಸುರಿಯುತ್ತಿದ್ದರೂ ವಿದ್ಯಾರ್ಥಿಗಳು ಅಲ್ಲಿ ಗುಂಪುಗೂಡಿ ಮಾತಾಡುತ್ತಿದ್ದರು. 1986ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ ಪಡೆದ ಮೊದಲ ಕೆನಡಿಯನ್ ಆದ ಎರಿಕ್ಸನ್ 1992ರಲ್ಲಿ ದಿವಾಳಿಯಾದದ್ದನ್ನು ನೆನೆದು ನನಗೆ ನಿಜಕ್ಕೂ ಸಂಕಟವಾಯಿತು.

ವಸ್ತುಸಂಗ್ರಹಾಲಯದ ಆ ಸಭಾಂಗಣವನ್ನು ಭೂಕಂಪದ ಭಯದಿಂದ ಕೆಡವಿ, ಮೊದಲಿನ ರೂಪದಲ್ಲಿಯೇ ಮತ್ತೆ ಕಟ್ಟಿ, 2024ರಲ್ಲಿ ತೆರೆದಿದ್ದಾರೆ. ನೆಲ ಅಲುಗಿದರೂ ಕಟ್ಟಡ ತಾಳಿಕೊಳ್ಳುವಂತೆ ಅಡಿಯಲ್ಲಿ ಕಂಪನ ತಡೆಯುವ ಆಧಾರಗಳನ್ನು ಇರಿಸಿದ್ದಾರೆ. ಮೂಲವೇ ಇಲ್ಲವಾದ ಮೇಲೆ ಪ್ರತಿರೂಪ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಎರಿಕ್ಸನ್ ಅಳೆದು ಕೊಟ್ಟ ಎತ್ತರ, ಅಂತರ, ಬೆಳಕು ಮೂರೂ ಉಳಿದಿರುವಾಗ ಅದು ಅವರದೇ ಕಟ್ಟಡವೆಂದು ನಾನು ನಂಬುತ್ತೇನೆ.